ಆರು ಗಂಟೆಗೆ ನಿಲ್ಲುತ್ತಿದ್ದ ಟೀವಿ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಲಂಡನ್ನಿನ ಅಂಚಿನ ಸಟನ್‌ನಲ್ಲಿ, ಜೋಡಿ ಮನೆಯೊಂದರ ಎಡಭಾಗದಲ್ಲಿದ್ದೆವು. ಹೆಂಡತಿ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಲಂಡನ್ನಿನ ಸುದ್ದಿಮನೆಯೊಂದರಲ್ಲಿ ಡೆಸ್ಕಿನ ಕೆಲಸದಲ್ಲಿದ್ದೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಆ ಕೆಲಸ. ರೈಲು ಹಿಡಿದು ಮನೆ ಸೇರುವಷ್ಟರಲ್ಲಿ ಎಂಟಾಗುತ್ತಿತ್ತು. ಸಂಜೆ ಮಗಳ ಜತೆ ಇರಲು ಖಾತ್ರಿಯಾಗಿ ಸಿಗುತ್ತಿದ್ದದ್ದು ರಜೆಯ ದಿನವಾದ ಬುಧವಾರ ಒಂದೇ.

ಉಳಿದ ದಿನಗಳಲ್ಲಿ, ಶಾಲೆ ಬಿಟ್ಟ ಮೇಲೆ, ಆರು ವರ್ಷದ ಮಗಳು ಬಲಭಾಗದ ಮನೆಯಲ್ಲಿರುತ್ತಿದ್ದಳು. ಆ ಮನೆಯಾಕೆ ಐವತ್ತು ದಾಟಿದ, ಒಬ್ಬರೇ ಇದ್ದ ಹೆಂಗಸು. ಬೆಳಿಗ್ಗೆ ಬೇಕರಿಯ ಕೌಂಟರಿನಲ್ಲಿ ನಿಂತು, ಮಧ್ಯಾಹ್ನದ ಮೇಲೆ ನಮ್ಮ ಮಗಳನ್ನು ನೋಡಿಕೊಳ್ಳುತ್ತಿದ್ದರು. ಮಗಳು ಅವರನ್ನು ನ್ಯಾನ್ ಎಂದು ಕರೆಯುತ್ತಿದ್ದಳು. ಅಲ್ಲಿಯವರು ತಮ್ಮ ಅಜ್ಜಿಯನ್ನು ಕರೆಯುವ ಹೆಸರು ಅದು. ಹಾಗೆ ಕರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಧಾರವಾಡದಲ್ಲಿ ಅವಳಿಗೆ ಸ್ವಂತ ಅಜ್ಜಿ ಇದ್ದಳು. ಫೋನಿನಲ್ಲಿ ಆಕೆಯ ಜತೆ ಮಾತಾಡು ಎಂದರೆ ರಿಸೀವರನ್ನು ತಿರುಗಿ ನನ್ನ ಕೈಗೇ ಕೊಡುತ್ತಿದ್ದಳು.

ಆ ಮನೆಯಲ್ಲಿ ದಿನಾ ಒಂದು ಆಟ ನಡೆಯುತ್ತಿತ್ತು. ಆ ಹೆಂಗಸು ಚಿಕ್ಕವರಿದ್ದಾಗಿನ, ಅಂದರೆ ಐವತ್ತರ ದಶಕದ, ಒಂದು ದಿನದ ಟೀವಿ. ಅಸಲಿ ಟೀವಿ ಆಫ್ ಆಗಿಯೇ ಇರುತ್ತಿತ್ತು. ಮಗಳು ಗುಂಡಿ ತಿರುಗಿಸುವಂತೆ ನಟಿಸಬೇಕು. ಸೆಟ್ ಬಿಸಿಯಾಗುವವರೆಗೆ ಇಬ್ಬರೂ ಮೂಗಿನಲ್ಲಿ ಗುಂಯ್ ಎನ್ನುತ್ತಾ ಕಾಯಬೇಕು. ಆಮೇಲೆ ಆಕೆಯೇ ಟೀವಿ. ಮೊದಲು ಗತ್ತಿನ ಇಂಗ್ಲಿಷಿನಲ್ಲಿ ಕಾರ್ಯಕ್ರಮ ಸಾರುವ ಹೆಣ್ಣುಮಗಳು, ನಂತರ ಮೊಟ್ಟೆಯಿಲ್ಲದೆ ಕೇಕು ಮಾಡುವ ಗೃಹಿಣಿ, ಗುಲಾಬಿ ಗಿಡ ಸವರುವ ಮುದುಕ. ನಡುವೆ ಹೊತ್ತು ಕಳೆಯಲು ಒಬ್ಬ ಕುಂಬಾರ. ಅವನ ಮಡಕೆ ಯಾವತ್ತೂ ಮುಗಿಯುತ್ತಿರಲಿಲ್ಲವಂತೆ. ಐದಕ್ಕೆ ದಾರ ಕಟ್ಟಿದ ಮರದ ಬಾತುಕೋಳಿ. ಆರಕ್ಕೆ ಎಲ್ಲ ಬಂದ್. ಆ ಕಾಲದಲ್ಲಿ ಮಕ್ಕಳನ್ನು ಮಲಗಿಸಲಿ ಎಂದು ಆರರಿಂದ ಏಳರವರೆಗೆ ಇಡೀ ದೇಶದಲ್ಲಿ ಟೀವಿ ಖಾಲಿ ಬಿಡುತ್ತಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಬುಧವಾರ. ಆರರ ಸುದ್ದಿ ಹಾಕಿಕೊಂಡು ಕೂತಿದ್ದೆ. ಮಗಳು ಬಂದು ಆಫ್ ಮಾಡಿದಳು.

"ಇಟ್ಸ್ ಸಿಕ್ಸ್, ಅಪ್ಪ."

"ಆರಾದ್ರ ಏನಾತು?"

"ಟೆಲಿ ಸ್ಟಾಪ್ಸ್ ಅಟ್ ಸಿಕ್ಸ್. ನ್ಯಾನ್ ಸೇಸ್."

ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮನೆಯಲ್ಲಿ, ನನ್ನ ಒಂದೇ ಸಂಜೆಯಲ್ಲಿ, ಗೋಡೆಯಾಚೆಯ ಹೆಂಗಸಿನ ಕಾಯಿದೆ ನಡೆಯುತ್ತಿತ್ತು.

ನನ್ನ ಬಾಲ್ಯದಲ್ಲಿ ಟೀವಿ ಇರಲಿಲ್ಲ, ರೇಡಿಯೊ ಇತ್ತು. ಅದನ್ನೇ ಆಟ ಮಾಡಿ ತೋರಿಸೋಣ ಎಂದು ಕೂತೆ. ಬೆಳಗಿನ ಗೀತೆ ಹಾಡಿದೆ, ವಾರ್ತೆ ಓದಿದೆ. ಅವಳು ಸೌಜನ್ಯದಿಂದ ಕೇಳಿಸಿಕೊಂಡಳು.

"ವಾಸ್ ದೇರ್ ಎ ಪಪೆಟ್?"

"ಇಲ್ಲವಾ. ರೇಡಿಯೊದಾಗ ಗೊಂಬಿ ಎಲ್ಲಿಂದ ಬರಬೇಕು?"

"ದೆನ್ ಹೂ ವಾಸ್ ದೇರ್?"

"ಹುಬ್ಬಳ್ಳಿ ಹತ್ತಿ ಧಾರಣಿ ಹೇಳಾವ ಒಬ್ಬ ಇದ್ದ."

ಸ್ವಲ್ಪ ಯೋಚಿಸಿ, "ವಾಸ್ ಹಿ ಫನಿ?" ಎಂದಳು. ಅವನು ತಮಾಷೆಯವನಾಗಿರಲಿಲ್ಲ. ಅವಳು ಎದ್ದು ಹೋದಳು.

ಮಗಳ ಶಾಲೆಯಲ್ಲೇ ಸಂಜೆಯ ಕ್ಲಬ್ ಒಂದಿತ್ತು. ಕೆಲಸಕ್ಕೆ ಹೋಗುವವರ ಮಕ್ಕಳನ್ನು ಅಲ್ಲೇ ಇರಿಸಿಕೊಳ್ಳುತ್ತಿದ್ದರು. ವಿಚಾರಿಸಿದೆ. ಒಂದು ಜಾಗ ಖಾಲಿಯಿದೆ, ಗುರುವಾರದೊಳಗೆ ತಿಳಿಸಿ ಎಂದರು. ಮೈಸೂರಿನವಳಾದ ನನ್ನ ಹೆಂಡತಿ ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಂಡಳು.

"ರೀ, ಅವರು ಮಗೂನ ಚೆನ್ನಾಗಿ ನೋಡ್ಕೋತಾರೆ ಅನ್ನೋದೇ ನಿಮಗೆ ತೊಂದ್ರೆನಾ?"

"ಹಂಗಲ್ಲ. ಅವರಿಗೆ ನ್ಯಾನ್ ಅಂತಾಳ. ನಮ್ಮವ್ವಗ ಅಜ್ಜಿ ಅನ್ನಂದ್ರ ಬಾಯಿ ಬರೂದಿಲ್ಲ."

"ಉರೀತಿರೋದು ನಿಮ್ಮವ್ವಂಗಲ್ಲ, ನಿಮಗೆ."

"ಉರಿ ಏನಿಲ್ಲ. ಕ್ಲಬ್ಬಿನ್ಯಾಗ ಅವಳ ವಾರಗಿ ಹುಡುಗ್ರು ಇರ್ತಾರ, ಅಷ್ಟ."

"ಸರಿ. ಹಾಗಿದ್ರೆ ನೀವೇ ಹೋಗಿ ಹೇಳಿ. ನನ್ನ ಕೈಲಾಗಲ್ಲ."

ಮುಂದಿನ ಬುಧವಾರ ಮಗಳನ್ನು ಶಾಲೆಯಿಂದ ಕರೆತಂದು ನೇರ ಪಕ್ಕದ ಮನೆಗೆ ಹೋದೆ. ಆ ಹೆಂಗಸು ಚಹ ಕೊಟ್ಟರು. ನಾನು ಮಾತು ತೆಗೆಯುವ ಮೊದಲೇ ಮಗಳು, ಅಪ್ಪನಿಗೂ ಟೆಲಿ ತೋರಿಸು ಎಂದು ಹಟ ಹಿಡಿದಳು. ಹಾಗಾಗಿ ಆ ಒಂದು ದಿನದ ಟೀವಿ ಪೂರ್ತಿ ನೋಡಿದೆ. ಚೆನ್ನಾಗಿತ್ತು. ಬಾತುಕೋಳಿ ಬಂದಾಗ ಮಗಳು ನಕ್ಕ ನಗು ನಾನು ಮನೆಯಲ್ಲಿ ಕೇಳಿರದ ನಗು. ಹಾಗೆ ನಗುವಾಗ ಅವಳು ಆಕೆಯ ಮೊಣಕಾಲಿಗೆ ಹಣೆ ಒತ್ತುತ್ತಿದ್ದಳು. ನನ್ನ ಕಪ್ಪು ಖಾಲಿಯಾದದ್ದು ಇಬ್ಬರೂ ಗಮನಿಸಲಿಲ್ಲ.

ಆರಕ್ಕೆ, ಹಳೆಯ ಸೆಟ್ ಆಫ್ ಆಗುವಾಗ ಕಾಣುತ್ತಿದ್ದ ಬಿಳಿ ಚುಕ್ಕೆಯನ್ನು ಆಕೆ ಬೆರಳುಗಳಲ್ಲೇ ಸಣ್ಣದು ಮಾಡುತ್ತಾ ಹೋಗಿ ಆರಿಸಿದರು. ಮಗಳು ಚಪ್ಪಾಳೆ ತಟ್ಟಿದಳು.

ನಾನು ಕೇಳಿದೆ: "ಏಳಕ್ಕೆ ಏನು ಬರುತ್ತಿತ್ತು?"

"ಗೊತ್ತಿಲ್ಲ," ಎಂದರು ಆಕೆ.

"ಎಂಟಕ್ಕೆ?"

"ಅದೂ ಗೊತ್ತಿಲ್ಲ."

"ರಾತ್ರಿಯ ಒಂದಾದರೂ ಕಾರ್ಯಕ್ರಮ?"

ಆಕೆ ಇಲ್ಲವೆಂದು ತಲೆಯಾಡಿಸಿದರು. ಡೆಸ್ಕಿನಲ್ಲಿ ಇಂಥ ಗಳಿಗೆಗಳು ನನಗೆ ಪರಿಚಿತ. ವರದಿಯ ಒಂದು ಭಾಗ ಕಾಣೆಯಾಗಿದ್ದರೆ ಬರೆದವನು ಅಲ್ಲಿ ಇರಲೇ ಇಲ್ಲ ಎಂದರ್ಥ. ಸಂತೋಷವಾಯಿತು. ಮಗಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಇನ್ನೂ ಸಂತೋಷವಾಯಿತು. "ಹಾಗಾದರೆ ಇದು ಅರ್ಧ ದಿನ ಮಾತ್ರ," ಎಂದೆ.

"ನಾನು ನೋಡಿದ್ದೇ ಅಷ್ಟು," ಎಂದರು ಆಕೆ. "ನಮ್ಮ ಮನೆಯಲ್ಲಿ ಸೆಟ್ ಇರಲಿಲ್ಲ. ಇದ್ದದ್ದು ಎದುರು ಮನೆಯಲ್ಲಿ. ಮಧ್ಯಾಹ್ನ ಕರೆಯುತ್ತಿದ್ದರು, ಬಿಸ್ಕತ್ತೂ ಕೊಡುತ್ತಿದ್ದರು. ಆರಾಯಿತೆಂದರೆ ಆ ತಾಯಿ ತನ್ನ ಮಗಳನ್ನು ಸ್ನಾನಕ್ಕೆ ಕಳಿಸಿ, ನನಗೆ ಕೋಟು ತೊಡಿಸುತ್ತಿದ್ದಳು. ಏಳಕ್ಕೆ ನಮ್ಮ ಕಿಟಕಿಯಿಂದ ನೋಡಿದರೆ ಅವರ ಕಿಟಕಿ ಪರದೆಯ ಹಿಂದೆ ಮತ್ತೆ ಟೀವಿಯ ಬೆಳಕು. ಆ ಹುಡುಗಿಯನ್ನು ಕಂಡರೆ ನನಗಾಗುತ್ತಿರಲಿಲ್ಲ. ಪಾಪ, ಅವಳು ನನಗೇನೂ ಮಾಡಿರಲಿಲ್ಲ. ಆರಾದ ಮೇಲೂ ಅವಳು ಅಲ್ಲೇ ಇರಬಹುದಿತ್ತು, ಅಷ್ಟೇ."

ಇದನ್ನು ಆಕೆ ನಗುತ್ತಲೇ ಹೇಳಿದರು. ಹೇಳುತ್ತಾ ಮಗಳ ಕೋಟನ್ನು ಗೂಟದಿಂದ ತೆಗೆದು ಹಿಡಿದರು. ಆಕೆಯ ಆಟ ಆರಕ್ಕೆ ಮುಗಿಯುವುದು ಮಕ್ಕಳಿಗೆ ಶಿಸ್ತು ಕಲಿಸಲು ಎಂದು ನಾನು ತಿಳಿದಿದ್ದೆ. ಕ್ಲಬ್ಬಿನ ಮಾತು ಬಾಯಲ್ಲೇ ಇತ್ತು.

ಮಗಳು ಒಂದು ತೋಳನ್ನು ಕೋಟಿಗೆ ತೂರಿಸಿ ನಿಂತುಬಿಟ್ಟಳು. ಮನೆಯಲ್ಲಿ ಟೀವಿ ಆಫ್ ಮಾಡಿದವಳು ಅವಳೇ. "ಅವರ್ ಟೆಲಿ ಡಸಂಟ್ ಸ್ಟಾಪ್," ಎಂದಳು. "ಕಮ್ ಟು ಅವರ್ಸ್, ನ್ಯಾನ್. ಯು ಕ್ಯಾನ್ ಸೀ ಸೆವೆನ್."

ಆಕೆ ನನ್ನ ಮುಖ ನೋಡಿದರು. ಬನ್ನಿ ಎಂದೆ. ಬೇರೇನು ಹೇಳಲು ಸಾಧ್ಯವಿತ್ತು?

ನಮ್ಮ ಸೋಫಾದಲ್ಲಿ ಆಕೆ ಕೂತದ್ದು ದಿನಾ ನಾನು ಕೂರುವ ಜಾಗದಲ್ಲಿ. ಮಗಳು ಆಕೆಯ ತೋಳಿನಡಿ ಸೇರಿಕೊಂಡಳು. ನಾನು ಉಪ್ಪಿಟ್ಟು ಕೆದಕುತ್ತಾ ಅಡುಗೆಮನೆಯಲ್ಲಿದ್ದೆ. ಏಳಾಗುವ ಮೊದಲು ಆಕೆ ಕಾರ್ಡಿಗನ್ ಎತ್ತಿಕೊಂಡು, "ನಿಮ್ಮ ಊಟದ ಹೊತ್ತು, ನಾನು ಹೊರಡುತ್ತೇನೆ," ಎಂದರು. ಹೂಂ ಎಂದು ಬಾಗಿಲು ತೆರೆದಿದ್ದರೆ ಸಾಕಿತ್ತು, ಯಾರಿಗೂ ತಪ್ಪೆನಿಸುತ್ತಿರಲಿಲ್ಲ.

"ಇರಿ," ಎಂದೆ. "ಉಪ್ಪಿಟ್ಟು ಆಗಿದೆ. ಏಳರದು ಈಗ ಶುರುವಾಗುತ್ತದೆ."

ಹೆಂಡತಿ ಡ್ಯೂಟಿ ಮುಗಿಸಿ ಬಂದಾಗ ಮೂವರೂ ಟೀವಿಯ ಮುಂದಿದ್ದೆವು. ಅವಳು ಎಲ್ಲರನ್ನೂ ಒಮ್ಮೆ ನೋಡಿ ಕನ್ನಡದಲ್ಲಿ ಕೇಳಿದಳು.

"ಕ್ಲಬ್ ವಿಷಯ ಹೇಳಿದ್ರಾ?"

"ಇಲ್ಲ."

"ಯಾಕಂತೆ?"

"ಟೀವಿ ನಡದದ. ಸುಮ್ನ ಕೂಡು."

ಅವಳು ನಗು ತಡೆಯಲು ತಟ್ಟೆ ತರುವ ನೆಪ ಮಾಡಿ ಒಳಗೆ ಹೋದಳು.

ಮರುದಿನ ಶಾಲೆಗೆ ಫೋನ್ ಮಾಡಿ, ಜಾಗ ಬೇಡ ಎಂದೆ. ನನ್ನ ಹೊಟ್ಟೆಕಿಚ್ಚು ಇದರಿಂದ ಇಳಿಯಿತೆಂದರೆ ಅದು ಸುಳ್ಳು ವರದಿಯಾಗುತ್ತದೆ. ಆಕೆ ಆಮೇಲೆ ಪ್ರತಿ ಬುಧವಾರ ಬಂದರು. ಇದ್ದೊಂದು ಸಂಜೆಯೂ ನನ್ನೊಬ್ಬನದಾಗಿ ಉಳಿಯಲಿಲ್ಲ. ಸೋಫಾದಲ್ಲಿ ಇಬ್ಬರಿಗೇ ಜಾಗ. ನಾನು ಊಟದ ಕುರ್ಚಿಯೊಂದನ್ನು ಬಾಗಿಲ ಬಳಿ ಹಾಕಿಕೊಂಡು ಕೂರುತ್ತಿದ್ದೆ. ಅಲ್ಲಿಂದ ನೋಡಿದರೆ ಟೀವಿಯ ಅರ್ಧ ಭಾಗದ ಮೇಲೆ ದೀಪದ ಪ್ರತಿಬಿಂಬ ಬೀಳುತ್ತಿತ್ತು. ಅವರಿಬ್ಬರೂ ನಕ್ಕಾಗ ಕಾರಣ ನನಗೆ ಕಾಣದ ಅರ್ಧದಲ್ಲಿ ಇರುತ್ತಿತ್ತು.

"ಏನಾತು?" ಎಂದು ಕೇಳುತ್ತಿದ್ದೆ.

"ಶ್, ಅಪ್ಪ," ಎನ್ನುತ್ತಿದ್ದಳು ಮಗಳು, ತಿರುಗಿ ನೋಡದೆ.