ಕಾಯಿ ನೀರು ಕುಡಿದ ಕೀಬೋರ್ಡ್

೨೦೦೪ರಲ್ಲಿ ನಾನು ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿ ಸಮೀಪದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿಯಾಗಿದ್ದೆ. ಕಂಪ್ಯೂಟರ್ ತರಬೇತಿ ಮುಗಿಸಿ ಬಂದವಳು ನಾನೊಬ್ಬಳೇ ಆಗಿದ್ದರಿಂದ, ಶಾಲೆಗೆ ಮೂರು ಕಂಪ್ಯೂಟರ್ ಬಂದಾಗ ಅವೂ ನನ್ನ ತಲೆಗೇ ಬಂದವು. ಐದನೇ ತರಗತಿಯವರಿಗೆ ವರ್ಡ್ ಪ್ರೊಸೆಸಿಂಗ್ ಕಲಿಸಬೇಕಿತ್ತು. ಅಂದರೆ ಯಂತ್ರದಲ್ಲಿ ಕನ್ನಡ ಬರೆಯುವುದು, ಬರೆದದ್ದನ್ನು ತಿದ್ದುವುದು, ಅದನ್ನು ಫೈಲ್ ಮಾಡಿ ಉಳಿಸುವುದು.

ಮಕ್ಕಳು ನನಗಿಂತ ಬೇಗ ಕಲಿತರು. ‘ಕಟ್’ ಎಂದರೆ ಮಡಿಯಿಂದ ಮೆಣಸಿನ ಸಸಿ ಕಿತ್ತು ಬೇರೆ ಕಡೆ ನೆಟ್ಟ ಹಾಗೆ ಎಂದೆ. ‘ಕಾಪಿ’ ಮಾಡಿದರೆ ಮೊದಲಿನ ಸಸಿಯೂ ಅಲ್ಲೇ ಇರುತ್ತದೆ, ನೆಡಲು ಅಂಥದೇ ಇನ್ನೊಂದು ಸಿಗುತ್ತದೆ ಎಂದೆ. ಮುಂದಿನ ಸಾಲಿನ ಬಾಳಪ್ಪ, “ಹಂಗಿದ್ರ ನಮ್ಮಪ್ಪಗ ಒಂದಿಟು ಹೇಳಿಕೊಡ್ರಿ ಟೀಚರ್” ಎಂದು ಎಲ್ಲರನ್ನೂ ನಗಿಸಿದ. ಆ ವಾರ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ತಮ್ಮ ಮನೆಯಲ್ಲಿ ಏನಿದೆ ಎಂಬುದನ್ನು ಟೈಪ್ ಮಾಡಿದರು. ಉಮಾಳ ಮನೆಯಲ್ಲಿ ಎಮ್ಮೆಗಳು, ಕೊಟ್ರಮ್ಮನ ಮನೆಯಲ್ಲಿ ಹೊಸ ಒಲೆ, ಹೀಗೆ. ಆ ಫೈಲಿಗೆ ‘ನಾವು’ ಎಂದು ಹೆಸರಿಟ್ಟೆವು.

ಅದರಲ್ಲಿ ಇರದಿದ್ದವಳು ಮಾಳಮ್ಮ ಒಬ್ಬಳೇ. ಆ ವಾರ ಅವಳು ತಂದೆ ತಾಯಿಯ ಜೊತೆ ಕುರಿಹಿಂಡಿನ ಹಿಂದೆ ಹೋಗಿದ್ದಳು. ಬಂದ ಮೇಲೆ ಮಾತ್ರ ಯಂತ್ರದ ಮುಂದಿನಿಂದ ಅವಳನ್ನು ಎಬ್ಬಿಸುವುದೇ ಒಂದು ಕೆಲಸವಾಯಿತು. ಆದರೆ ಆ ಫೈಲಿಗೆ ಅವಳ ಹೆಸರನ್ನು ಸೇರಿಸಲು ನಾನು ಮರೆತೆ.

ದಸರಾ ರಜೆಗೆ ಮೊದಲು ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದು ಹೋದರು. ಇಷ್ಟು ಚಿಕ್ಕ ಮಕ್ಕಳ ಕೈಗೆ ಕಂಪ್ಯೂಟರ್ ಕೊಡುವುದು ದಂಡ, ಪಟ್ಟಣದ ಪ್ರೌಢಶಾಲೆಗೆ ಕೊಟ್ಟರೆ ಉಪಯೋಗವಾದೀತು ಎಂಬುದು ಅವರ ಖಚಿತ ಅಭಿಪ್ರಾಯ. ನಾನು ವಾದಕ್ಕಿಳಿದೆ. ಕೊನೆಗೆ ಅವರು, “ರಜೆ ಮುಗಿದ ದಿನವೇ ಬರ್ತೀನಿ. ನಾನು ಆರಿಸಿದ ಮಗು ನಾನು ಹೇಳಿದ್ದನ್ನು ಟೈಪ್ ಮಾಡಬೇಕು. ಆಗದಿದ್ದರೆ ಬಂದ ಜೀಪಿನಲ್ಲೇ ಯಂತ್ರಗಳನ್ನು ಒಯ್ಯುತ್ತೇನೆ” ಎಂದರು. ನಾನು ಒಪ್ಪಿಕೊಂಡೆ. ನನ್ನ ಮಕ್ಕಳ ಮೇಲೆ ಅಷ್ಟು ಭರವಸೆಯಿತ್ತು.

ರಜೆಯಲ್ಲಿ ಕಂಪ್ಯೂಟರ್ ಕೋಣೆಯ ಬೀಗದ ಕೈ ಶಾಲಾ ಸಮಿತಿಯ ಅಧ್ಯಕ್ಷ ಕೊಟ್ರಪ್ಪನವರ ಹತ್ತಿರ ಇತ್ತು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವರಿಗೆ ಶಾಲೆಯೆಂದರೆ ಪ್ರಾಣ. ಶಾಲೆ ಶುರುವಾದ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರೇ ಬಾಗಿಲು ತೆಗೆದು, ಮುಖ ಅರಳಿಸಿಕೊಂಡು ನಿಂತಿದ್ದರು. ಒಳಗೆ ಕಾಲಿಟ್ಟರೆ ಊದಿನಕಡ್ಡಿಯ ವಾಸನೆ. ಮೂರೂ ಮಾನಿಟರುಗಳ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಬಾಡಿದ ಚೆಂಡುಹೂವಿನ ಹಾರ.

“ಮಿಷಿನ್ ಅಂದಮ್ಯಾಲೆ ಆಯುಧ ಪೂಜಿ ಬಿಡಾಕ ಬರ್ತೈತೇನ್ರಿ ಮೇಡಂ? ನಮ್ಮ ಗಿರಣಿಗಿ ಮಾಡಿದಂಗ ಮಾಡೀನಿ. ಹಸಿ ಅರಿವಿಲೆ ಚೆಂದಾಗಿ ಒರಸಿ, ಇಬತ್ತಿ ಹಚ್ಚಿ, ಕಾಯಿ ಒಡದೀನಿ.”

“ಕಾಯಿ ಎಲ್ಲಿ ಒಡದ್ರಿ?”

“ಅವುಗಳ ಮುಂದನ ರಿ. ಒಂದೊಂದಕ್ಕ ಒಂದೊಂದು.”

ಓಡಿ ಹೋಗಿ ಸ್ವಿಚ್ ಒತ್ತಿದೆ. ಎರಡು ಯಂತ್ರಗಳು ಚಾಲೂ ಆಗಲೇ ಇಲ್ಲ. ಮೂರನೆಯದು ಚಾಲೂ ಆಯಿತು, ಆದರೆ ಅದರ ಕೀಬೋರ್ಡಿನ ಬಲಗಡೆ ಕಾಯಿ ನೀರು ಇಳಿದು ಎಲ್ ಮತ್ತು ಎಂ ಕೀಗಳು ಸತ್ತಿದ್ದವು. ಉಳಿದೆರಡರ ಕೀಬೋರ್ಡ್ ತಂದು ಜೋಡಿಸಿದರೆ ಅವು ಇನ್ನೂ ಕೆಟ್ಟಿದ್ದವು. ಕನ್ನಡದಲ್ಲಿ ಈ ಎರಡು ಕೀ ಹೋದರೆ ಮ, ಲ, ಳ ಮೂರೂ ಹೋದಂತೆ. ಅಮ್ಮ ಎಂದು ಕೂಡ ಬರೆಯಲು ಬಾರದು.

ನಾನು ಮೊದಲೇ ಸಿಡುಕಿ. ಮಕ್ಕಳೆದುರಿಗೇ ಆ ಹಿರಿಯರ ಮೇಲೆ ರೇಗಿದೆ. ಅವರು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, “ಒಳ್ಳೇದಾಗ್ಲಿ ಅಂತ ಮಾಡೀನ್ರಿ ಮೇಡಂ” ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿಂತರು. ಹೊಸ ಕೀಬೋರ್ಡ್ ಬೇಕೆಂದರೆ ಬಳ್ಳಾರಿಯಿಂದ ಬರಬೇಕು. ಇದ್ದದ್ದನ್ನೇ ಬಿಸಿಲಿಗೆ ಬೋರಲು ಹಾಕಿದೆ, ಬಟ್ಟೆಯಿಂದ ಒತ್ತಿದೆ, ಊದಿದೆ. ಆ ಎರಡು ಕೀಗಳು ಮಿಸುಕಲಿಲ್ಲ. ಅಷ್ಟರಲ್ಲಿ ಜೀಪಿನ ಶಬ್ದ ಕೇಳಿಸಿತು.

ನಡೆದದ್ದನ್ನು ಅಧಿಕಾರಿಗೆ ಇದ್ದ ಹಾಗೇ ಹೇಳಿದೆ. ಅವರು ವಿಭೂತಿಯ ಪಟ್ಟೆಗಳನ್ನು ನೋಡಿ ನಕ್ಕರು.

“ಒಂದು ಯಂತ್ರ ನಡೀತಾ ಇದೆಯಲ್ಲ ಮೇಡಂ, ನೆಪ ಬೇಡ. ಯಾರೂ ಹೇಳಿಕೊಡಬಾರದು. ಆ ಹಿಂದಿನ ಹುಡುಗಿ ಬರಲಿ.”

ಹಿಂದಿನ ಹುಡುಗಿ ಮಾಳಮ್ಮ. ಅವಳು ಕುರ್ಚಿಯ ತುದಿಗೆ ಕುಳಿತಳು. ಅಧಿಕಾರಿ ನಿಧಾನವಾಗಿ ಹೇಳಿದರು: “ಇವತ್ತು ನಮ್ಮ ಶಾಲೆಗೆ ಅತಿಥಿಗಳು ಬರುತ್ತಾರೆ.”

‘ಇವತ್ತು ನ’ ಎಂಬಲ್ಲಿಗೆ ಅವಳ ಬೆರಳು ನಿಂತಿತು. ಎಂ ಕೀಯನ್ನು ಎರಡು ಸಲ ಒತ್ತಿ ನೋಡಿದಳು. ಮುಗಿಯಿತು, ಜೀಪಿಗೆ ಹೊರಲು ಆಳು ಕರೆಯುವುದೊಂದೇ ಬಾಕಿ ಎಂದುಕೊಂಡೆ. ಆಗ ಅವಳು ಮೌಸ್ ಹಿಡಿದು ‘ನಾವು’ ಫೈಲನ್ನು ತೆರೆದಳು. ಕೊಟ್ರಮ್ಮನ ಹೆಸರಿನ ಕೊನೆಯ ‘ಮ್ಮ’ವನ್ನು ಗುರುತಿಸಿ, ಕಾಪಿ ಮಾಡಿ, ತನ್ನ ಸಾಲಿಗೆ ತಂದು ಪೇಸ್ಟ್ ಮಾಡಿದಳು. ‘ಶಾ’ ಕೀಬೋರ್ಡಿನಿಂದ ಬಂತು, ‘ಲೆ’ ಕೊಟ್ರಮ್ಮನ ಮನೆಯ ಒಲೆಯಿಂದ ಬಂತು. ಉಮಾಳ ಎಮ್ಮೆಗಳಿಂದ ‘ಳು’ ಬಂತು.

ಸಾಲು ಮುಗಿಯುತ್ತಿದ್ದಂತೆ ಕರೆಂಟು ಹೋಯಿತು. ಕರೆಂಟು ಹೋದರೂ ಸ್ವಲ್ಪ ಹೊತ್ತು ಯಂತ್ರವನ್ನು ನಡೆಸುವ ಯುಪಿಎಸ್ ಪೆಟ್ಟಿಗೆ ಕೀಂ ಕೀಂ ಎನ್ನತೊಡಗಿತು. ಅದರ ಬ್ಯಾಟರಿ ಎಷ್ಟು ದುರ್ಬಲವೆಂದು ನನಗೆ ಗೊತ್ತಿತ್ತು. ಅಧಿಕಾರಿ ಬಿಡಲಿಲ್ಲ.

“ಕೆಳಗೆ ನಿನ್ನ ಹೆಸರು ಹಾಕು.”

ಮಾಳಮ್ಮ ಎಂಬ ಹೆಸರಿಗೆ ಬೇಕಾದ ಒಂದು ಅಕ್ಷರವೂ ಆ ಕೀಬೋರ್ಡಿನಲ್ಲಿ ಉಳಿದಿರಲಿಲ್ಲ. ‘ನಾವು’ ಫೈಲಿನಲ್ಲಿ ಅವಳ ಹೆಸರೂ ಇರಲಿಲ್ಲ. ಅವಳು ಪರದೆಯನ್ನು ಮೇಲೆ ಕೆಳಗೆ ಸರಿಸಿ ಹುಡುಕಿದಳು. ಗಾಬರಿಗೆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ ಎಂದು ತೋರುತ್ತದೆ. ಪೆಟ್ಟಿಗೆಯ ಕೂಗು ಜೋರಾಯಿತು. ಅವಳು ತಿರುಗಿ ಗೆಳತಿಯರ ಕಡೆ ನೋಡಿದಳು.

ಉಮಾ ಎದ್ದು ನಿಂತಳು. ತುಟಿ ಬಿಚ್ಚಲಿಲ್ಲ.

“ನೀನ್ಯಾಕೆ ಎದ್ದೆ?” ಅಧಿಕಾರಿ ಗದರಿದರು.

“ಸುಮ್ಕ ರಿ ಸಾರ್.”

ಅವಳ ಹಿಂದೆ ಬಾಳಪ್ಪ ಎದ್ದ. ಆಮೇಲೆ ಕೊಟ್ರಮ್ಮ. ಮಾಳಮ್ಮ ಮೂವರನ್ನೂ ಒಮ್ಮೆ ನೋಡಿ ಪರದೆಯ ಕಡೆ ತಿರುಗಿದಳು. ಉಮಾಳಿಂದ ‘ಮಾ’ ತೆಗೆದುಕೊಂಡಳು, ಬಾಳಪ್ಪನಿಂದ ‘ಳ’, ಕೊಟ್ರಮ್ಮನಿಂದ ‘ಮ್ಮ’. ಸೇವ್ ಒತ್ತಿ ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಯಿತು.

ಕರೆಂಟು ಬರುವವರೆಗೆ ಎಲ್ಲರೂ ಅಲ್ಲೇ ಕಾದೆವು. ಕೊಟ್ರಪ್ಪನವರು ಟವೆಲನ್ನು ಹಿಂಡುತ್ತಲೇ ಇದ್ದರು. ಕರೆಂಟು ಬಂದಾಗ ಮಾಳಮ್ಮ ಫೈಲ್ ತೆರೆದಳು. ಸಾಲು ಇತ್ತು, ಅದರ ಕೆಳಗೆ ಹೆಸರೂ ಇತ್ತು. ಅಧಿಕಾರಿ ಆ ಎದ್ದ ಮೂವರ ಹೆಸರು ಕೇಳಿದರು. ಮತ್ತೆ ಪರದೆ ನೋಡಿದರು. ಅವರಿಗೆ ಆಗ ಅರ್ಥವಾಯಿತು.

“ಕೀಬೋರ್ಡ್ ಕಳಿಸ್ತೀನಿ. ಉಳಿದವನ್ನು ರಿಪೇರಿ ಮಾಡಿಸಿ. ಯಂತ್ರಗಳು ಇಲ್ಲೇ ಇರಲಿ” ಎಂದು ಹೇಳಿ ಹೊರಟರು.

ನನಗೆ ಅಳು ಬಂತು, ಮರೆಮಾಚುವುದೇಕೆ. ಕೊಟ್ರಪ್ಪನವರ ಬಳಿ ಹೋಗಿ, “ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದೆ.

“ಅದೇನ್ ಬಿಡ್ರಿ. ಬರೋ ವರ್ಷ ಕಾಯಿ ಹೊಸ್ತಿಲಿಗಿ ಒಡೀತೀನಿ, ಇವಕ್ಕ ಹೂವ ಅಷ್ಟ ಏರಸ್ತೀನಿ” ಎಂದರು. ಹಾಗೆಯೇ ಮಾಡಿದರು.

ಹೊಸ ಕೀಬೋರ್ಡ್ ಬಂದ ದಿನ ಮಾಳಮ್ಮನನ್ನು ಕರೆದು, ‘ನಾವು’ ಫೈಲಿನಲ್ಲಿ ಇನ್ನು ನಿನ್ನ ಹೆಸರನ್ನು ನೀನೇ ಟೈಪ್ ಮಾಡು ಎಂದೆ. ಅವಳು ಕೀಗಳನ್ನು ಮುಟ್ಟಲಿಲ್ಲ. ಅವತ್ತಿನ ಫೈಲ್ ತೆರೆದು ಆ ಹೆಸರನ್ನೇ ಕಾಪಿ ಮಾಡಿದಳು.

“ಇದ ಇರ್ಲಿ ಟೀಚರ್. ಇದು ಅವ್ರು ಕೊಟ್ಟಿದ್ದು.”

ಆಮೇಲೆ ಹಲವು ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಿ ನಿವೃತ್ತಳಾದೆ. ರಜೆ ಹಾಕಿದ ಮಗು ತರಗತಿಗೆ ಮರಳಿದ ದಿನ, ಬೇರೆ ಪಾಠಕ್ಕೆ ಮುಂಚೆ ಅದರ ಹೆಸರನ್ನು ಎಲ್ಲರ ಹೆಸರಿನ ನಡುವೆ ಸೇರಿಸುವುದನ್ನು ಎಂದೂ ತಪ್ಪಿಸಲಿಲ್ಲ.