ಹಗ್ಗ ಬೀಳದೆ ಮನೆಗೆ ಬಂದ ಪಿಕಪ್

ನಮ್ಮ ರೇಣುಕಾಗೆ ಪಿಕಪ್ಪಿನ ಕೀಲಿ ಸಿಕ್ಕಿತು! ಸೋಮವಾರದಿಂದ ಮಾರ್ಕೆಟ್ ಯಾರ್ಡಿನ ತರಕಾರಿ ಗಾಡಿ ಹೊಡೆಯುವವಳು ನನ್ನ ಮೊಮ್ಮಗಳೇ. ಓಣಿಯವರಿಗೆಲ್ಲ ಹೇಳಿಯಾಯಿತು, ಹಾಲಿನವನಿಗೆ ಎರಡು ಸಲ ಹೇಳಿದೆ. ಉಳಿದವರು ನೀವು. ನಾನು ಮೂರನೇ ಇಯತ್ತೆಯವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ರೇಣುಕಾ ಚಾಕಣದ ಕಾರ್ಖಾನೆಯಲ್ಲಿ ಹತ್ತು ತಿಂಗಳು ಕಾರುಗಳಿಗೆ ದೀಪ ಕೂಡಿಸಿದಳು. ಸಾವಿರ ಗಾಡಿಗೆ ದೀಪ ಹಚ್ಚಿದೆ, ಒಂದನ್ನೂ ಹೊಡೆಯಲಿಲ್ಲ ಎಂದು ಮುಖ ಸಣ್ಣದು ಮಾಡುತ್ತಿದ್ದಳು. ನನ್ನ ಮಗ ಮಲ್ಲಪ್ಪನ ಹತ್ತಿರ ಎರಡು ಪಿಕಪ್ ಇವೆ, ಒಂದನ್ನು ತಾನೇ ಹೊಡೆಯುತ್ತಾನೆ, ಇನ್ನೊಂದರ ಡ್ರೈವರ್ ಬಿಟ್ಟುಹೋಗಿದ್ದ. ಲೈಸೆನ್ಸ್ ಇದ್ದರೂ ಮಗಳ ಕೈಗೆ ಗಾಡಿ ಕೊಡಲು ಅವನಿಗೆ ಮನಸ್ಸಿಲ್ಲ. ಅಷ್ಟರಲ್ಲಿ ಅವಳ ಗೆಳತಿಯೊಬ್ಬಳು, ಜೀಪಿನವರ ಗುಂಪೊಂದು ಶನಿವಾರ ಕಾಡುದಾರಿಯಲ್ಲಿ ಗಾಡಿ ಓಡಿಸಿ, ರಾತ್ರಿ ಅಲ್ಲೇ ಡೇರೆ ಹಾಕಿ, ಭಾನುವಾರ ಬರುತ್ತದೆ ಎಂದು ಸುದ್ದಿ ತಂದಳು.

ನಾನೂ ಪಿಕಪ್ ತಗೊಂಡು ಹೋಗುತ್ತೇನೆ ಎಂದು ರೇಣುಕಾ ಹಟ ಹಿಡಿದಳು. ಮಲ್ಲಪ್ಪ ಕರಾರು ಹಾಕಿದ. "ಹೋಗಿ ಬಾ. ಎಲ್ಲೆರೆ ಸಿಕ್ಕೊಂಡು ಮಂದಿ ಹಗ್ಗ ಹಾಕಿ ಎಳದ್ರಂದ್ರ ಕೀಲಿ ನನಗ. ಹಗ್ಗ ಬೀಳದ ಬಂದ್ರ ಗಾಡಿ ನಿಂದು. ಸಾಕ್ಷಿಗೆ ನಿಮ್ಮ ಆಯಿ ಬರ್ತಾಳ. ಅಕಿ ಸುಳ್ಳ ಹೇಳಂಗಿಲ್ಲ."

ಆಯಿ ಎಂದರೆ ನಾನೇ.

ಶನಿವಾರ ಬೆಳಿಗ್ಗೆ ಐದಕ್ಕೆ ಸೊಸೆ ಶಾರದಾ ರೊಟ್ಟಿ ಬಡಿದಳು. ನಮ್ಮ ಮನೆಯಲ್ಲಿ ಮೊದಲ ರೊಟ್ಟಿ ಡ್ರೈವರನಿಗೆ. ಅವಳ ಕೈ ರೂಢಿಯಂತೆ ಮಲ್ಲಪ್ಪನ ತಟ್ಟೆಗೇ ಹೋಯಿತು. ರೇಣುಕಾ ನೋಡಿದಳು, ಎರಡನೇ ರೊಟ್ಟಿಗೆ ತಟ್ಟೆ ಮುಂದೆ ಮಾಡಿದಳು.

ದುಡಿಯಲು ಈ ಮರಾಠಿ ಸೀಮೆಗೆ ಬಂದು ನಾನು ಯಾರ್ಡಿನಲ್ಲಿ ಮೂವತ್ತೈದು ವರ್ಷ ಚೀಲದ ಬಾಯಿ ಹೊಲಿದವಳು. ಅಲ್ಲಿಂದ ಖಾಲಿ ಗಾಡಿ ಹೊರಟಿದ್ದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಿಂದಿನ ಸಂಜೆಯೇ ಹಮಾಲರಿಂದ ನಾಲ್ಕು ಚೀಲ ಉಳ್ಳಾಗಡ್ಡಿ ಹೇರಿಸಿಟ್ಟಿದ್ದೆ.

"ಆಯಿ, ಏನಿದು? ನಾವು ಕಾಡಿಗೆ ಹೊಂಟೀವಿ, ಸಂತಿಗಲ್ಲ!" ಎಂದು ರೇಣುಕಾ ಕೂಗಿದಳು.

"ಹದಿನೈದು ಮಂದಿ ಅದಾರಂತ. ಅವರಿಗೆ ಉಳ್ಳಾಗಡ್ಡಿ ಬ್ಯಾಡೇನು?"

ಮುಳಶಿ ಕಡೆ ಅರವತ್ತು ಕಿಲೋಮೀಟರ್ ಹೋದಮೇಲೆ ಒಂದು ಚಹಾದಂಗಡಿಯ ಮುಂದೆ ಗುಂಪು ಕಾಯುತ್ತಿತ್ತು. ಚಹಾ ಇಪ್ಪತ್ತು ರೂಪಾಯಿ, ಎರಡು ಗುಟುಕಿಗೆ ಮುಗಿಯಿತು. ಆರು ಜೀಪುಗಳು, ನೆತ್ತಿಯ ಮೇಲೆ ಏಣಿ, ಪಕ್ಕದಲ್ಲಿ ಸಲಿಕೆ. ಅವುಗಳ ನಡುವೆ ನಮ್ಮ ಪಿಕಪ್, ಮೈತುಂಬ ಟೊಮ್ಯಾಟೊ ಕಲೆ. ಮುಂದಾಳು ನಿಖಿಲ್ ಎಂಬ ಹುಡುಗನ ಪ್ಯಾಂಟಿಗೆ ಹನ್ನೊಂದು ಜೇಬು, ನಾನೇ ಎಣಿಸಿದೆ.

"ಆಜಿ, ಹೇ ಕಾಯ್?" ಅಜ್ಜಿ, ಇದೇನು ಎಂದು ಚೀಲಗಳನ್ನು ನೋಡಿ ಬಾಯಿ ತೆರೆದ. ಈ ದಾರಿಗೆ ಹಗುರವಾಗಿ ಹೋಗಬೇಕು, ಇಳಿಸಿರಿ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದ. ಚಹಾದಂಗಡಿಯವಳಿಗೆ ಅಂದಿನ ಪೇಟೆ ಭಾವಕ್ಕೇ ಉಳ್ಳಾಗಡ್ಡಿ ಸುರಿದುಕೊಟ್ಟೆ. ಚೀಲ ಮಾತ್ರ ಕೊಡಲಿಲ್ಲ. ಕೊಡವಿ, ಮಡಚಿ, ಸೀಟಿನ ಕೆಳಗಿಟ್ಟೆ.

ಆಮೇಲೆ ದಾರಿಯೇ ಇರಲಿಲ್ಲ, ಬರೀ ಕಲ್ಲು ಮತ್ತು ಕೆಸರು. ನನ್ನ ತಲೆ ಏಳು ಸಲ ಮೇಲಿನ ತಗಡಿಗೆ ಬಡಿಯಿತು. ಒಂದು ಜೀಪು ಹೂತಿತು, ಹಗ್ಗ ಹಾಕಿ ಎಳೆದರು. ಇನ್ನೊಂದು ಹೂತಿತು, ಅದನ್ನೂ ಎಳೆದರು. ಹೂತವರು ಕೆಸರಲ್ಲಿ ನಿಂತು ನಕ್ಕು ಫೋಟೊ ತೆಗೆಸಿಕೊಂಡರು. ಹೂಳುವುದಕ್ಕೇ ರೊಕ್ಕ ಕೊಟ್ಟು ಬಂದವರನ್ನು ನಾನು ಅಂದೇ ಮೊದಲು ನೋಡಿದ್ದು. ನಮಗೋ ಹಗ್ಗ ಕಂಡರೆ ಎದೆ ಧಸಕ್ ಎನ್ನುತ್ತಿತ್ತು. ರೇಣುಕಾ ಹಲ್ಲು ಕಚ್ಚಿ ಹೊಡೆದಳು, ಸಂಜೆವರೆಗೂ ಹಗ್ಗ ಬೀಳಲಿಲ್ಲ.

ಹಳ್ಳದ ದಂಡೆಗೆ ಡೇರೆ ಹಾಕಿದೆವು. ಅವರು ಪಂಪಿನಿಂದ ಹಾಸಿಗೆಗೆ ಗಾಳಿ ತುಂಬಿದರು, ನಾನು ನಾಲ್ಕು ಗೋಣಿಚೀಲ ಹಾಸಿದೆ. ಬೆಳಗಾಗುವಷ್ಟರಲ್ಲಿ ಎರಡು ಹಾಸಿಗೆಗಳ ಗಾಳಿ ಹೋಗಿತ್ತು. ನನ್ನದಕ್ಕೆ ಹೋಗಲಿಕ್ಕೆ ಗಾಳಿಯೇ ಇರಲಿಲ್ಲ.

ಭಾನುವಾರ ಉಳಿದದ್ದು ಒಂದೇ ಏರು. ಮಳೆ ನಿಂತು ಎರಡು ದಿನವಾಗಿದ್ದರೂ ಮಣ್ಣು ಬೆಣ್ಣೆಯಂತಿತ್ತು. ಜೀಪುಗಳು ಗುರುಗುಟ್ಟುತ್ತ ಹತ್ತಿಹೋದವು. ನಮ್ಮ ಪಿಕಪ್ಪಿನ ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿದವು, ಗಾಡಿ ಹಿಂದಕ್ಕೆ ಜಾರಿತು. ಮತ್ತೊಮ್ಮೆ ಹತ್ತಿಸಿದಳು, ಮತ್ತೆ ಜಾರಿತು. ನಿಖಿಲ್ ಪಾಪ, ಸಹಾಯಕ್ಕೆಂದೇ ಹಗ್ಗ ಹಿಡಿದು ಇಳಿದು ಬಂದ. ರೇಣುಕಾ ಸ್ಟೇರಿಂಗ್ ಬಿಗಿಯಾಗಿ ಹಿಡಿದು ಕೂತಿದ್ದಳು, ಕಣ್ಣಲ್ಲಿ ನೀರು.

ನಾನು ಇಳಿದು ಹಗ್ಗಕ್ಕೂ ಗಾಡಿಗೂ ನಡುವೆ ನಿಂತೆ. "ಥಾಂಬ್!" ಎಂದೆ, ನಿಲ್ಲು ಅಂತ. ಖಾಲಿ ಗಾಡಿ ಕುಣಿಯುತ್ತದೆ, ಹಿಂದೆ ಭಾರ ಬಿದ್ದರೆ ನೆಲ ಹಿಡಿಯುತ್ತದೆ; ಇದು ಯಾರ್ಡಿನಲ್ಲಿ ಕೂಸಿಗೂ ಗೊತ್ತು.

ಚೀಲಗಳನ್ನು ತೆಗೆದೆ. ಹೊಸ ಸಲಿಕೆಗಳು ಮೊದಲ ಸಲ ಕೆಲಸಕ್ಕೆ ಬಂದವು. ಜೀಪಿನವರು ಹಳ್ಳದ ಉಸುಕು ತುಂಬಿದರು, ದಬ್ಬಣ ಸುತಳಿ ಸದಾ ನನ್ನ ಕೈಚೀಲದಲ್ಲೇ ಇರುತ್ತವೆ, ಬಾಯಿ ಹೊಲಿದುಕೊಟ್ಟೆ. ನಿಖಿಲ್ ಚೀಲವನ್ನು ಕೂಸಿನಂತೆ ತಬ್ಬಿ ಎತ್ತಲು ಹೋದ. ಸಿಟ್ಟು ಬಂದರೆ ನನ್ನ ಮರಾಠಿ ಕನ್ನಡವಾಗಿಬಿಡುತ್ತದೆ.

"ಮುದ್ದು ಮಾಡಬ್ಯಾಡೋ ಅದಕ್ಕ! ಬೆನ್ನಿಗೆ ತಗೋ, ಮೊಣಕಾಲು ಬಗ್ಗಸು!"

ಹುಡುಗನಿಗೆ ಎಲ್ಲ ತಿಳಿಯಿತು. ನಾಲ್ಕೂ ಚೀಲ ಹಿಂದಿನ ಗಾಲಿಗಳ ನೆತ್ತಿಗೆ ಕೂತವು. ರೇಣುಕಾ ಕಣ್ಣೊರೆಸಿ, ಮೊದಲ ಗೇರು ಹಾಕಿ, ಎಲ್ಲೂ ತಡೆಯದೆ ಒಂದೇ ಉಸಿರಿಗೆ ಹತ್ತಿಸಿದಳು. ಮೇಲಿನಿಂದ ಆಕೆ ಹೊಡೆದ ಹಾರನ್ ಹಳ್ಳದಾಚೆಗೂ ಕೇಳಿರಬೇಕು. ನಾನು ಕೆಳಗೇ ಉಳಿದುಬಿಟ್ಟಿದ್ದೆ. ನಿಖಿಲ್ ಕೈಹಿಡಿದು ಹತ್ತಿಸಿದ.

ಸಂಜೆ ಮನೆಗೆ ಬಂದಾಗ ಮಲ್ಲಪ್ಪ ಮೊದಲು ಬಂಪರಿಗೆ ಬಗ್ಗಿ ಹಗ್ಗದ ಗುರುತು ಹುಡುಕಿದ. ಇರಲಿಲ್ಲ. ಆಮೇಲೆ ಚೀಲ ಕಂಡ. ಹೊಲಿಗೆಯ ಮೇಲೆ ಬೆರಳಾಡಿಸಿದ. "ಯವ್ವಾ, ಇದು ನಿನ್ನ ಹೊಲಿಗಿ."

ನಡೆದದ್ದನ್ನೆಲ್ಲ ಹೇಳಿದೆ. ಸಾಕ್ಷಿ ನಾನಲ್ಲವೇ?

"ಹಂಗಾರ ಇದು ನಿನ್ನ ಶಾಣ್ಯಾತನ ಆತು. ಅಕೀದೇನು?" ಎಂದ.

"ನಾ ಚೀಲ ಹೊಲದೆ. ಗಾಡಿ ಹತ್ತಿಸಿದಾಕಿ ಅಕಿ. ಇಪ್ಪತ್ತ ವರ್ಷ ನಿನ್ನ ಗಾಡಿ ಚೀಲಾನೂ ನಾನ ಹೊಲದೀನಿ. ಅವಾಗ ಡ್ರೈವರ್ ನಾನಿದ್ನೇನು?"

ಮಲ್ಲಪ್ಪ ಕೈಕಾಲು ತೊಳೆಯಲು ಹೋದ. ರೇಣುಕಾ ಕೀಲಿಯನ್ನು ಗೂಟಕ್ಕೆ ತೂಗುಹಾಕಿ ಬಂದು ಕೂತಳು, ಅತ್ತ ನೋಡಲೇ ಇಲ್ಲ.

ಎಲ್ಲರೂ ಊಟಕ್ಕೆ ಕೂತೆವು. ಶಾರದಾ ಬಿಸಿ ರೊಟ್ಟಿ ತಂದಳು, ಕೈ ಮತ್ತೆ ರೂಢಿಯಂತೆ ಗಂಡನ ತಟ್ಟೆಗೇ ಹೋಯಿತು. ಮಲ್ಲಪ್ಪ ಆ ರೊಟ್ಟಿಯನ್ನೆತ್ತಿ ಮಗಳ ತಟ್ಟೆಗೆ ಹಾಕಿದ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ಅದರ ಪಕ್ಕಕ್ಕಿಟ್ಟ.

"ಡ್ರೈವರ್ ಮೊದಲ ಉಣ್ಣಲಿ," ಎಂದ.

ನನ್ನ ಸೆರಗಿನಿಂದ ಉದುರಿದ್ದಿರಬೇಕು, ಶೇಂಗಾ ಚಟ್ನಿಯಲ್ಲಿ ಉಸುಕು ಕರಕರ ಎನ್ನುತ್ತಿತ್ತು. ಯಾರೂ ತಟ್ಟೆ ಸರಿಸಲಿಲ್ಲ. ಅಗಿದು ಅಗಿದು ಉಂಡೆವು.