ಬಾಗಿಲಿನ ಕಿರುನಿದ್ದೆ

ನಮ್ಮಕ್ಕ ಕಳ್ಳರನ್ನು ಹಿಡಿಯುವ ಕೆಲಸದವಳು ಎಂದು ನಾನು ಕಂಡಕಂಡವರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಅವಳು ಒಬ್ಬ ಕಳ್ಳನನ್ನೂ ಕಣ್ಣಾರೆ ಕಂಡವಳಲ್ಲ. ಬಾಗಿಲಿಗೆ ಅಂಟಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್‌ನ ಒಳಗಿನ ಪ್ರೋಗ್ರಾಂ ಬರೆಯುತ್ತಾಳೆ. ಬಾಗಿಲು ತೆರೆದರೆ ಮನೆಯವರ ಫೋನು ಕೂಗುತ್ತದೆ. ಒಮ್ಮೆ ಕೂಗಿಸಿದ ಮೇಲೆ, ಬ್ಯಾಟರಿ ಉಳಿಸಲೆಂದು ಸೆನ್ಸರ್ ಸ್ವಲ್ಪ ಹೊತ್ತು ಮಲಗುತ್ತದೆ. ಆ ನಿದ್ದೆ ಅಕ್ಕನದೇ ಲೆಕ್ಕಾಚಾರ. "ನಿನಗಂತೂ ಇಲ್ಲ, ಅದಕ್ಕಾದ್ರೂ ನಿದ್ದೆ ಇರ್ಲಿ ಬಿಡು," ಎಂದು ರೇಗಿಸುತ್ತಿದ್ದೆ.

ಅಮ್ಮನಿಗೆ ಮರೆವು ಹತ್ತಿದ ಮೇಲೆ ಅಂಥದ್ದೊಂದನ್ನು ನಮ್ಮ ಬಾಗಿಲಿಗೂ ಅಂಟಿಸಿದಳು. ಅಮ್ಮ ಎದ್ದೆದ್ದು ಹೊರಟುಬಿಡುತ್ತಿದ್ದಳು. "ಮನೆಗೆ ಹೋಗ್ಬೇಕು, ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು," ಅನ್ನುತ್ತಿದ್ದಳು. ಆ ಮಕ್ಕಳು ನಾವೇ. ನನ್ನ ತಲೆ ಆಗಲೇ ಬೋಳಾಗಿತ್ತು. ಬೀಗ ಹಾಕಿದರೆ ಬಾಗಿಲು ಬಡಿದು ಅಳುತ್ತಿದ್ದಳು. ಅದನ್ನು ನೋಡಲಾರದೆ ಅಕ್ಕ ಬೀಗ ಹಾಕುವುದನ್ನೇ ಬಿಟ್ಟಳು, ಫೋನು ಕೂಗಿದಾಗಲೆಲ್ಲ ಓಡಿಹೋಗಿ ಕರೆತರುತ್ತಿದ್ದಳು.

ಆ ಮಧ್ಯಾಹ್ನ ಅಕ್ಕ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಫೋನು ಕೂಗಿತು. ಮೆಟ್ಟಿಲವರೆಗೆ ಹೋಗಿದ್ದ ಅಮ್ಮನನ್ನು ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಕಾಲಿಗೆ ಹೊದಿಕೆ ಹಾಕಿ ಒಳಗೆ ಹೋದಳು. ಅವಳ ಬೆನ್ನು ತಿರುಗಿದ್ದೇ ತಡ, ಅಮ್ಮ ಎದ್ದಳು. ಬಾಗಿಲು ತೆರೆಯಿತು, ಸೆನ್ಸರ್ ಇನ್ನೂ ಮಲಗಿತ್ತು. ಫೋನು ಸುಮ್ಮನಿದೆ, ಅಂದಮೇಲೆ ಅಮ್ಮ ಕೂತಿದ್ದಾಳೆ ಎಂದುಕೊಂಡು ಅಕ್ಕ ಕೆಲಸ ಮುಂದುವರಿಸಿದಳು. ದೊಡ್ಡ ರಸ್ತೆಯ ತಿರುವಿನಲ್ಲಿ ಅಮ್ಮ ಲಾರಿಗೆ ಸಿಕ್ಕಳು.

"ಇಷ್ಟೆಲ್ಲ ಓದಿ ಏನು ಬಂತು, ದೀಪದ ಬುಡದಲ್ಲೇ ಕತ್ತಲೆ," ಎಂದಳು ಚಿಕ್ಕಮ್ಮ, ಹೆಣ ಇನ್ನೂ ಮನೆಯಲ್ಲಿರುವಾಗಲೇ. ಎಲುಬಿಲ್ಲದ ನಾಲಿಗೆ! ಒಂದು ದಿನವಾದರೂ ಬಂದು ಅಮ್ಮನ ಪಕ್ಕ ಕೂತವಳಲ್ಲ. ಎದ್ದು ಹೋಗು ಎಂದೆ, ಎಲ್ಲರೆದುರಿಗೇ.

ಅವಳು ಕೆಲಸಕ್ಕೆ ಮರಳಿದ ದಿನ ಮ್ಯಾನೇಜರ್ ತಾನಾಗಿಯೇ, ಆ ನಿದ್ದೆಯನ್ನು ತೆಗೆದುಬಿಡೋಣ ಎಂದನಂತೆ. ಒಂದೇ ಸಾಲು ಅಳಿಸಿದರೆ ಸಾಕಿತ್ತು. ಅಕ್ಕ ಬೇಡವೆಂದಳು. ಸಂಜೆ ಅದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

"ಅಮ್ಮನ್ನೇ ನುಂಗಿದ್ದನ್ನ ಉಳಿಸ್ಕೊಂಡು ಬಂದ್ಯಾ?" ಎಂದೆ.

"ಅದು ಮಲಗದಿದ್ರೆ ಬ್ಯಾಟರಿ ಬೇಗ ಮುಗಿಯುತ್ತೆ. ಜನ ಬದಲಾಯಿಸಲ್ಲ. ಆಮೇಲೆ ಯಾರ ಮನೇಲೂ ಕೂಗೋದೇ ಇಲ್ಲ," ಎಂದಳು. ಪಾಠ ಒಪ್ಪಿಸುವ ದನಿಯಲ್ಲಿ ಶುರುಮಾಡಿದವಳು ಅಷ್ಟರಲ್ಲಿ ಅಮ್ಮನ ಕುರ್ಚಿಯ ಕಡೆ ತಿರುಗಿದಳು. "ಅದು ತಪ್ಪಾಗಿದ್ದಿದ್ರೆ ತಿದ್ದಿಬಿಡ್ತಿದ್ದೆ ಕಣೋ."